ಮೆರವಣಿಗೆಗಳ ವರ್ಷದ ಲೆಕ್ಕ



ಡಿಸೆಂಬರಿನ ಕೊನೆಯ ವಾರದಲ್ಲಿ ಇದನ್ನು ಬರೆಯುತ್ತಿದ್ದೇನೆ. ಪುಣೆ ಮಹಾನಗರಪಾಲಿಕೆಗೆ ಜನವರಿ 15ರಂದು ಮತದಾನ. 2022ರ ಮಾರ್ಚಿನಿಂದ ಚುನಾಯಿತ ಸದಸ್ಯರೇ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿದ್ದ ಪಾಲಿಕೆಗೆ ಕೊನೆಗೂ ಚುನಾವಣೆ ಬಂದಿದೆ. ಮಗರಪಟ್ಟಾದ ನಮ್ಮ ವಸತಿ ಸಮುಚ್ಚಯದ ಹೆಬ್ಬಾಗಿಲಿಗೆ ಉಮೇದುವಾರರೂ ಬರತೊಡಗಿದ್ದಾರೆ. ಮೊನ್ನೆ ಬಂದವರೊಬ್ಬರು ಬಾಗಿಲ ಮೇಲಿನ ಹೆಸರು ಓದಿ, ನಾನು ಬಾಯಿ ತೆರೆಯುವ ಮೊದಲೇ ಕೈಜೋಡಿಸಿ 'ಜೈ ಜಿನೇಂದ್ರ' ಎಂದರು. ಬೋರ್ಡಿಂಗಿನ ಪ್ರಕರಣದಲ್ಲಿ ತಾವು ನಮ್ಮ ಸಮಾಜದ ಬೆನ್ನಿಗೆ ನಿಂತಿದ್ದನ್ನು ನೆನಪಿಸಿದರು. ನಮ್ಮ ಬೀದಿಯ ನೀರಿನ ಟ್ಯಾಂಕರಿನ ಬಗ್ಗೆ ಕೇಳಿದೆ. ಅದಕ್ಕೆ ಉತ್ತರವಿರಲಿಲ್ಲ, ಇನ್ನೊಮ್ಮೆ 'ಜೈ ಜಿನೇಂದ್ರ' ಇತ್ತು.

ಹದಿನೈದು ವರ್ಷಗಳಿಂದ ಇಲ್ಲಿದ್ದೇನೆ. ಈ ಪರಿಯ ಗೌರವ ಹಿಂದೆಂದೂ ದೊರೆತಿರಲಿಲ್ಲ. 2025ರಲ್ಲಿ ನಾವು ಬೀದಿಗಿಳಿಯುವುದನ್ನು ಕಲಿತೆವು. ಬೀದಿಗಿಳಿದವರನ್ನು ರಾಜಕಾರಣ ಗುರುತಿಸಿತು. ದೇಶಕ್ಕೆ ಇದು ಸಾಮಾನ್ಯ ವರ್ಷವಾಗಿರಲಿಲ್ಲ. ಏಪ್ರಿಲಿನಲ್ಲಿ ಪಹಲ್ಗಾಮಿನಲ್ಲಿ 26 ಜನರ ಹತ್ಯೆ, ಮೇ ತಿಂಗಳಲ್ಲಿ ನಾಲ್ಕು ದಿನಗಳ ಕದನ, ಜೂನಿನಲ್ಲಿ ಬೆಂಗಳೂರಿನ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತ, ಅದರ ಮರುವಾರವೇ ಅಹಮದಾಬಾದಿನ ವಿಮಾನ ದುರಂತ, ಆಗಸ್ಟಿನಲ್ಲಿ ಅಮೆರಿಕದ ಶೇಕಡಾ 50ರ ಸುಂಕ. ಇಂಥ ವರ್ಷದಲ್ಲಿ ದೇಶದ ಜನಸಂಖ್ಯೆಯ ನೂರನೆಯ ಒಂದು ಪಾಲೂ ಇಲ್ಲದ ನಾವು ಎಷ್ಟು ಸಲ ಬೀದಿಗಿಳಿದೆವು, ಯಾವುದಕ್ಕಾಗಿ ಇಳಿದೆವು, ಯಾವುದಕ್ಕಾಗಿ ಇಳಿಯಲಿಲ್ಲ ಎಂಬುದರ ಲೆಕ್ಕವನ್ನು ನಾವೇ ಇಡಬೇಕು. ಬೇರೆಯವರು ಇಟ್ಟರೆ ಅದು ಕಹಿಯಾಗಿರುತ್ತದೆ.

ಏಪ್ರಿಲ್ 9ರಂದು ದೆಹಲಿಯ ವಿಜ್ಞಾನ ಭವನದಲ್ಲಿ ಪ್ರಧಾನಮಂತ್ರಿಗಳು ನವಕಾರ ಮಹಾಮಂತ್ರ ದಿವಸವನ್ನು ಉದ್ಘಾಟಿಸಿದರು. ನಮ್ಮ ಮೊಬೈಲುಗಳೆಲ್ಲ ಆ ದಿನ ಪುಳಕಗೊಂಡವು. ಸರಿಯಾಗಿ ಒಂದು ವಾರಕ್ಕೆ, 16ರಂದು, ಮುಂಬಯಿಯ ವಿಲೇ ಪಾರ್ಲೆಯಲ್ಲಿ ಪಾರ್ಶ್ವನಾಥ ದಿಗಂಬರ ಮಂದಿರವನ್ನು ಅಲ್ಲಿನ ಪಾಲಿಕೆ ಕೆಡವಿತು. ಪಾಲಿಕೆ ಆಗ ರಾಜ್ಯ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿತ್ತು. ರಾಜ್ಯ ಸರ್ಕಾರ ದೆಹಲಿಯಲ್ಲಿ ಮಂತ್ರ ಪಠಿಸಿದ ಪಕ್ಷದ ಮುಂದಾಳುತನದಲ್ಲೇ ಇತ್ತು. ಮೂರು ದಿನಗಳ ನಂತರ ಸಾವಿರಾರು ಜನ ಅಲ್ಲಿ ಶಾಂತವಾಗಿ ನಡೆದರು. ಆ ನಡಿಗೆ ನ್ಯಾಯವಾದದ್ದು. ಆದರೆ ಫಲವೇನು? ವಾರ್ಡಿನ ಅಧಿಕಾರಿಯೊಬ್ಬರನ್ನು ಅಲ್ಲಿಂದ ಎತ್ತಂಗಡಿ ಮಾಡಿದರು. ನಾವು ಗೆದ್ದೆವೆಂದು ಮನೆಗೆ ಹೋದೆವು. ಕೆಡವುವ ಆದೇಶಗಳು ಹೇಗೆ ಹೊರಡುತ್ತವೆ, ಗುಡಿಸಲೊಂದನ್ನು ಕೆಡವುವಾಗ ಇದೇ ಪಾಲಿಕೆ ಎಷ್ಟು ದಿನಗಳ ನೋಟೀಸು ಕೊಡುತ್ತದೆ ಎಂದು ನಮ್ಮಲ್ಲಿ ಒಬ್ಬರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಜುಲೈ ಕೊನೆಯಲ್ಲಿ ಆನೆಯ ಪ್ರಕರಣ. ಇದನ್ನು ಬರೆಯುವುದು ನನಗೆ ಕಷ್ಟ, ಏಕೆಂದರೆ ನನ್ನ ತಾಯಿಯ ತವರು ಶಿರೋಳ ತಾಲ್ಲೂಕು. ನಾಂದಣಿ ಮಠದ ಮಾಧುರಿಯನ್ನು, ಅಲ್ಲಿಯವರು ಮಹಾದೇವಿ ಎಂದೂ ಕರೆಯುತ್ತಾರೆ, ಜಾಮನಗರಕ್ಕೆ ಸಾಗಿಸಿದ ರಾತ್ರಿ ಅಮ್ಮ ಊಟ ಮಾಡಲಿಲ್ಲ. 1992ರಿಂದ ಮಠದಲ್ಲಿದ್ದ ಪ್ರಾಣಿ ಅದು. ಪಂಚಕಲ್ಯಾಣಗಳಲ್ಲಿ ಅದರ ಸೊಂಡಿಲಿಗೆ ಬಾಳೆಹಣ್ಣು ಕೊಟ್ಟ ಮಕ್ಕಳು ಈಗ ಮಕ್ಕಳ ತಂದೆತಾಯಿಯರಾಗಿದ್ದಾರೆ. ಮುಂಬಯಿ ಉಚ್ಚ ನ್ಯಾಯಾಲಯ ಜುಲೈ 16ರಂದು ಸ್ಥಳಾಂತರವನ್ನು ಎತ್ತಿಹಿಡಿಯಿತು, ಸರ್ವೋಚ್ಚ ನ್ಯಾಯಾಲಯ ಮಧ್ಯೆ ಬರಲಿಲ್ಲ. ಅದಾದ ಮೇಲೆ ನಾಂದಣಿಯಿಂದ ಕೊಲ್ಹಾಪುರದ ಜಿಲ್ಲಾಧಿಕಾರಿ ಕಚೇರಿಯವರೆಗೆ ಜನ ಕಾಲ್ನಡಿಗೆಯಲ್ಲಿ ಹೋದರು. ಒಂದು ಕೈಗಾರಿಕಾ ಮನೆತನದ ಮೇಲಿನ ಸಿಟ್ಟಿಗೆ ಮೊಬೈಲ್ ಸಿಮ್ಮುಗಳನ್ನು ಬದಲಿಸಿದರು. ಜೈನರಲ್ಲದ ರೈತರೂ ಅದರಲ್ಲಿದ್ದರು. ದೊಡ್ಡ ದೊಡ್ಡವರು ಅಷ್ಟಕ್ಕೇ ಬಗ್ಗಿದರು. ನಾಂದಣಿಯಲ್ಲೇ ಪುನರ್ವಸತಿ ಕೇಂದ್ರ ಕಟ್ಟಿಕೊಡುವ ಮಾತು ಆಗಸ್ಟಿನಲ್ಲಿ ಬಂತು.

ದೇಶದ ಅತಿ ಶ್ರೀಮಂತರ ಅಂಗಳವೇ ಆನೆಗಳ ಸಹಜ ಗತಿ ಎಂದು ನಾನು ನಂಬುವುದಿಲ್ಲ. ಆದರೆ ನ್ಯಾಯಾಲಯದ ಮುಂದೆ ಇದ್ದ ವರದಿಗಳನ್ನು ನಮ್ಮಲ್ಲಿ ಎಷ್ಟು ಜನ ಓದಿದೆವು? ಅದರ ಪಾದಗಳ ಹುಣ್ಣು, ಕೀಲುಗಳ ಬೇನೆ, ಒಂಟಿಯಾಗಿ ಕಳೆದ ದಶಕಗಳು ಅಲ್ಲಿ ನಮೂದಾಗಿವೆ. ಆನೆ ಹಿಂಡಿನ ಪ್ರಾಣಿ. ನಮ್ಮ ಘೋಷಣೆ ಏನಿತ್ತು? 'ನಮ್ಮ ಆನೆ ನಮಗೆ ಕೊಡಿ.' ಆ ವಾಕ್ಯದಲ್ಲಿ ಎರಡು ಸಲ 'ನಾವು' ಇದ್ದೇವೆ. ಪರಿಗ್ರಹ ಎಂದರೆ ಚಿನ್ನ-ಬೆಳ್ಳಿ, ಹೊಲ-ಮನೆ, ದಾಸಿ-ದಾಸರು, ಪಶುಗಳು ಎಂದು ಮಕ್ಕಳಿಗೆ ಪಾಠಶಾಲೆಯಲ್ಲಿ ಹೇಳಿಕೊಡುವವರು ನಾವೇ. ಪಶುವನ್ನು ಪರಿಗ್ರಹದ ಪಟ್ಟಿಯಲ್ಲಿಟ್ಟವರ ಸಂತಾನ ಪಶುವಿನ ಒಡೆತನಕ್ಕಾಗಿ ಮೈಲುಗಟ್ಟಲೆ ನಡೆಯಿತು. ಅಮ್ಮನಿಗೆ ಇದನ್ನು ಹೇಳಿದೆ. 'ನಿನ್ನ ಸ್ವಾಧ್ಯಾಯ ನಿನ್ನ ಹತ್ರಾನೇ ಇಟ್ಕೋ' ಎಂದಳು.

ಪಾರಿವಾಳದ ವಿಷಯದಲ್ಲಿ ನನಗೆ ಅಂಥ ತೊಳಲಾಟವಿಲ್ಲ. ದಾದರಿನ ಕಬೂತರಖಾನೆಗೆ ಪಾಲಿಕೆ ಹಾಕಿಸಿದ್ದ ತಾಡಪತ್ರಿಯನ್ನು ಆಗಸ್ಟ್ 6ರಂದು ಹರಿದು ಕೆಡವಿದವರಲ್ಲಿ ನಮ್ಮವರಿದ್ದರು. ಉಚ್ಚ ನ್ಯಾಯಾಲಯ ಜನರ ಶ್ವಾಸಕೋಶದ ಮಾತನ್ನಾಡಿತ್ತು. ಹಿಕ್ಕೆಯ ಧೂಳಿನಿಂದ ಬರುವ ರೋಗ ವೈದ್ಯರ ಪುಸ್ತಕಗಳಲ್ಲಿದೆ, ಯಾರೋ ಕಟ್ಟಿದ ಕಥೆಯಲ್ಲ. ಅದಕ್ಕಿಂತ ದೊಡ್ಡ ನಾಚಿಕೆ ಮುಂದಿನ ವಾರ ಬಂತು: ಮುನಿವೇಷದಲ್ಲಿದ್ದವರೊಬ್ಬರು ಅಗತ್ಯ ಬಿದ್ದರೆ ಶಸ್ತ್ರ ಹಿಡಿಯುವ ಮಾತನ್ನಾಡಿದರು. ಪಿಂಛಿಯಾಗಲಿ ರಜೋಹರಣವಾಗಲಿ ಇರಬೇಕಾದ ಕೈ ಅದು. ಸಮಾಜದ ಯಾವ ದೊಡ್ಡ ಸಂಸ್ಥೆಯಾದರೂ ಅಂದೇ ಸಂಜೆ ಎದ್ದುನಿಂತು 'ಇದು ನಮ್ಮ ಮಾತಲ್ಲ' ಎಂದು ಗಟ್ಟಿಯಾಗಿ ಹೇಳಿತೆ? ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಕೈಮುಗಿಯುವ ಚಿತ್ರಗಳು ಬಂದವು. ದಾದರಿನಲ್ಲಿ ಮರಾಠಿ ಸಂಘಟನೆಗಳು ಪ್ರತಿಭಟನೆಗಿಳಿದಾಗ ಮಾತ್ರ ನಮಗೆ ಭಯವಾಯಿತು. ವಿವೇಕಕ್ಕಿಂತ ಮೊದಲು ಭಯ ಬಂತು.

ಇನ್ನು ಬೋರ್ಡಿಂಗ್.

ಸೋಲಾಪುರದ ಹಿರಾಚಂದ ನೇಮಚಂದ ದೋಶಿಯವರ ಹೆಸರನ್ನು ಇಂದಿನ ಮಕ್ಕಳು ಕೇಳಿರಲಾರರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ 'ಜೈನ ಬೋಧಕ' ಪತ್ರಿಕೆ ನಡೆಸಿ, ಶಾಸ್ತ್ರವನ್ನು ಅಚ್ಚು ಹಾಕಿಸಿದರೆ ಪಾಪ ಎನ್ನುತ್ತಿದ್ದವರ ನಡುವೆ ಅಚ್ಚಿನ ಪರವಾಗಿ ನಿಂತವರು. ಉದ್ಯಮಿ ವಾಲಚಂದರ ತಂದೆ. ಅವರ ಹೆಸರಿನ ಟ್ರಸ್ಟು ಪುಣೆಯ ಮಾಡೆಲ್ ಕಾಲನಿಯಲ್ಲಿ ವಿದ್ಯಾರ್ಥಿನಿಲಯ ನಡೆಸುತ್ತ ಬಂದಿದೆ. ಸುಮಾರು ಮೂರೂವರೆ ಎಕರೆ ಜಾಗ, ಒಳಗೆ ಮಹಾವೀರ ಸ್ವಾಮಿಯ ಮಂದಿರ. ಸಾಂಗಲಿ, ಕೊಲ್ಹಾಪುರ, ಬೆಳಗಾವಿಯ ಕಡೆಯಿಂದ ಒಂದು ಟ್ರಂಕು ಹಿಡಿದು ಬಂದ ಹುಡುಗರು ಅಲ್ಲಿದ್ದು ಓದಿ ಇಂಜಿನಿಯರಾದರು, ವಕೀಲರಾದರು. ಈ ಜಾಗವನ್ನು ಕಟ್ಟಡ ಸಂಸ್ಥೆಯೊಂದಕ್ಕೆ ಮುನ್ನೂರು ಕೋಟಿ ರೂಪಾಯಿ ಮೀರಿದ ಬೆಲೆಗೆ ಮಾರುವ ವ್ಯವಹಾರ ನಡೆಯಿತು. ಹಳೆಯ ವಿದ್ಯಾರ್ಥಿಗಳೂ ಮುನಿಗಳೂ ಸೇರಿ ಅಕ್ಟೋಬರಿನಲ್ಲಿ ಮೋರ್ಚಾ ತೆಗೆದರು. 20ರಂದು ಧರ್ಮಾದಾಯ ಆಯುಕ್ತರು ಯಥಾಸ್ಥಿತಿಗೆ ಆದೇಶಿಸಿದರು, ಕೊಂಡವರು ಹಿಂದೆ ಸರಿದರು, ತಿಂಗಳ ಕೊನೆಗೆ ವ್ಯವಹಾರ ರದ್ದಾಯಿತು. ಯಾವ ಪಕ್ಷದ ಯಾರಿಗೆ ಇದರಲ್ಲಿ ಕೈಯಿತ್ತು ಎಂಬ ಆರೋಪ-ನಿರಾಕರಣೆಗಳನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಅದನ್ನು ಇಲ್ಲಿ ಕೆದಕುವುದಿಲ್ಲ.

ನನ್ನನ್ನು ಕಾಡಿದ್ದು ಒಂದು ತಾರೀಖು. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟಿನ ಸ್ಥಿರಾಸ್ತಿ ಮಾರಬೇಕಾದರೆ 1950ರ ಕಾಯಿದೆಯ 36ನೆಯ ಕಲಮಿನಂತೆ ಧರ್ಮಾದಾಯ ಆಯುಕ್ತರ ಪೂರ್ವಾನುಮತಿ ಬೇಕು. ಆ ಅನುಮತಿ ದೊರೆತದ್ದು ಏಪ್ರಿಲಿನಲ್ಲಿ. ನಾವು ವಿಲೇ ಪಾರ್ಲೆಗಾಗಿ ಕಣ್ಣೀರು ಹಾಕುತ್ತಿದ್ದ, ನವಕಾರ ದಿವಸದ ಚಿತ್ರಗಳನ್ನು ಹಂಚುತ್ತಿದ್ದ ಅದೇ ತಿಂಗಳು. ಅಂದಿನಿಂದ ಆರು ತಿಂಗಳು ಮಾಡೆಲ್ ಕಾಲನಿಗೆ ಹತ್ತು-ಹನ್ನೆರಡು ಕಿಲೋಮೀಟರಿನೊಳಗೆ ವಾಸವಿರುವ ನನ್ನಂಥ ಸಾವಿರಾರು ಓದುಬರಹ ಬಲ್ಲ ಜೈನರಿಗೆ ಗೊತ್ತೇ ಇರಲಿಲ್ಲ. ಟ್ರಸ್ಟುಗಳು ಪ್ರತಿವರ್ಷ ಲೆಕ್ಕಪರಿಶೋಧನೆಯ ವರದಿ ಸಲ್ಲಿಸಬೇಕು, ವಿಶ್ವಸ್ಥರು ಬದಲಾದರೆ ಬದಲಾವಣೆಯ ವರದಿ ಕೊಡಬೇಕು, ಆಸ್ತಿಯ ಪಟ್ಟಿ ಕಚೇರಿಯಲ್ಲಿರಬೇಕು. ಇವನ್ನು ನೋಡುವ ಅವಕಾಶ ಕಾಯಿದೆಯಲ್ಲೇ ಇದೆ. ನಾವು ನೋಡುವುದಿಲ್ಲ. ಪಂಚಕಲ್ಯಾಣದ ಸವಾಲಿನಲ್ಲಿ ಸೌಧರ್ಮೇಂದ್ರನ ಪದವಿ ಎಷ್ಟಕ್ಕೆ ಹೋಯಿತೆಂದು ನಮಗೆ ಬಾಯಿಪಾಠ. ಆ ಹಣ ಯಾವ ಖಾತೆಗೆ ಹೋಯಿತೆಂದು ಕೇಳಿದವನು ಧರ್ಮದ್ರೋಹಿ.

ಈ ಮಾತನ್ನು ನಾನು ಮಗರಪಟ್ಟಾದಲ್ಲಿ ಕುಳಿತು ಬರೆಯುವುದರಲ್ಲಿ ಒಂದು ವಿಚಿತ್ರವಿದೆ. ನಮ್ಮ ಕಿಟಕಿಯ ಕೆಳಗಿನ ನೆಲ ಕಬ್ಬು, ತರಕಾರಿ ಬೆಳೆಯುತ್ತಿದ್ದ ಹೊಲವಾಗಿತ್ತು. ಹಡಪಸರಿನ ಈ ಸುಮಾರು ನಾಲ್ಕು ನೂರು ಎಕರೆ ಮಗರ ಮನೆತನದ ನೂರಕ್ಕೂ ಹೆಚ್ಚು ಒಕ್ಕಲು ಕುಟುಂಬಗಳದ್ದು. ನಗರ ತಮ್ಮನ್ನು ನುಂಗಲು ಬರುತ್ತಿದೆಯೆಂದು ಕಂಡಾಗ ಅವರು ತುಂಡು ತುಂಡಾಗಿ ಬಿಲ್ಡರುಗಳಿಗೆ ಮಾರಲಿಲ್ಲ. ಹೊಲಗಳನ್ನು ಒಟ್ಟುಗೂಡಿಸಿ ತಾವೇ ಕಂಪನಿ ಮಾಡಿದರು, ಭೂಮಿಯ ಪ್ರಮಾಣಕ್ಕೆ ತಕ್ಕ ಷೇರು ಹಂಚಿಕೊಂಡರು. ಎರಡು ಸಾವಿರದ ಇಸವಿಯ ಹೊತ್ತಿಗೆ ನಗರ ಕಟ್ಟಲು ಹೊರಟರು. ಆ ಮನೆಗಳ ಮಕ್ಕಳು ಇಲ್ಲಿಯೇ ಗುತ್ತಿಗೆದಾರರಾದರು, ವ್ಯಾಪಾರ ಹಿಡಿದರು. ಎಲ್ಲವೂ ಬಂಗಾರವೆಂದು ಹೇಳಲಾರೆ. ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಷೇರು ಸಿಕ್ಕಿತೆಂದು ನಾನು ಕೇಳಿಲ್ಲ. ಆದರೂ ಲೆಕ್ಕ ನೋಡಿ: ನೇಗಿಲು ಹಿಡಿದ ಕುಟುಂಬಗಳು ನೆಲ ಬಿಡಲಿಲ್ಲ, ವ್ಯಾಪಾರವನ್ನೇ ಕುಲವಿದ್ಯೆ ಎಂದುಕೊಳ್ಳುವ, ಸಾಕ್ಷರತೆಯಲ್ಲಿ ದೇಶಕ್ಕೇ ಮೊದಲಿಗರಾದ ನಾವು, ಬಡ ಹುಡುಗರು ಓದುವ ಜಾಗವನ್ನು ಹರಾಜಿನ ಅಂಚಿನವರೆಗೆ ಹೋಗಲು ಬಿಟ್ಟೆವು.

ನನ್ನ ತಂದೆ ಬೆಳಗಾವಿಯ ಮಾಣಿಕಬಾಗ ಬೋರ್ಡಿಂಗಿನಲ್ಲಿದ್ದು ಓದಿದವರು. ಅದಿಲ್ಲದಿದ್ದರೆ ನಾನು ಇಂದು ಈ ಹದಿನಾಲ್ಕನೆಯ ಮಹಡಿಯಲ್ಲಿ ಇರುತ್ತಿರಲಿಲ್ಲ. ನಿಪ್ಪಾಣಿಯ ಬಳಿಯ ಸ್ತವನಿಧಿಯಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿದಾಗ, ಬ್ರಿಟಿಷರ ಆಳ್ವಿಕೆಯಲ್ಲಿ, ಹಿರಿಯರು ಮೊದಲು ಕೈಹಾಕಿದ ಕೆಲಸಗಳಲ್ಲಿ ವಿದ್ಯಾರ್ಥಿನಿಲಯವೊಂದು. ಅಣ್ಣಾಸಾಹೇಬ ಲಠ್ಠೆಯವರಂಥವರು ಅದಕ್ಕೆ ದುಡಿದರು. ಆ ಬೋರ್ಡಿಂಗುಗಳೂ ತಪ್ಪಿಲ್ಲದವಾಗಿರಲಿಲ್ಲ. ಕುಂಭೋಜದ ಹುಡುಗ ಭಾವೂರಾವ ಪಾಟೀಲರು ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು ಸ್ನಾನ ಮಾಡಲು ಒಪ್ಪದಿದ್ದುದಕ್ಕೆ ಕೊಲ್ಹಾಪುರದ ಜೈನ ಬೋರ್ಡಿಂಗು ಅವರನ್ನು ಹೊರಹಾಕಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅದೇ ಹುಡುಗ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಇಂದು ಅವರ ಚಿತ್ರವನ್ನು ನಾವು ಹೆಮ್ಮೆಯಿಂದ ಹಂಚಿಕೊಳ್ಳುತ್ತೇವೆ. ಹೊರಹಾಕಿದವರು ನಾವೇ ಎಂಬುದನ್ನು ಹಂಚಿಕೊಳ್ಳುವುದಿಲ್ಲ.

ಬೀದಿಗಿಳಿಯದ ವಿಷಯಗಳಿಗೆ ಬರೋಣ. ಜುಲೈ ಕೊನೆಯಲ್ಲಿ ದೇಶದ ಅತಿ ದೊಡ್ಡ ಐಟಿ ಸಂಸ್ಥೆ ಹನ್ನೆರಡು ಸಾವಿರಕ್ಕೂ ಹೆಚ್ಚು ನೌಕರರನ್ನು ಕೈಬಿಡುವುದಾಗಿ ಪ್ರಕಟಿಸಿತು. ಸೆಪ್ಟೆಂಬರಿನಲ್ಲಿ ಅಮೆರಿಕದ ವೀಸಾಕ್ಕೆ ಒಂದು ಲಕ್ಷ ಡಾಲರಿನ ಶುಲ್ಕ ಬಂತು. ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. ಇವು ಮಗರಪಟ್ಟಾದ ಪ್ರತಿ ಲಿಫ್ಟಿನಲ್ಲಿ ಪಿಸುಮಾತಾಗಿದ್ದ ಸಂಗತಿಗಳು. ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುವ ನಮ್ಮ ಸ್ವಾಧ್ಯಾಯಕ್ಕೆ ಒಬ್ಬ ಗೃಹಸ್ಥರು ತಪ್ಪದೆ ಬರುತ್ತಿದ್ದರು, ಬೇರೊಂದು ಸಂಸ್ಥೆಯಲ್ಲಿದ್ದವರು. ದಶಲಕ್ಷಣ ಪರ್ವದ ನಂತರ ಬರುವುದನ್ನು ನಿಲ್ಲಿಸಿದರು. ಕೆಲಸ ಹೋಗಿತ್ತು, ಪರ್ವದಲ್ಲಿ ಕೂಗಿದ ಸವಾಲಿನ ಹಣ ಕೊಡಲಾಗಲಿಲ್ಲವೆಂಬ ಸಂಕೋಚವಂತೆ. ಇದು ನಮಗೆ ತಿಳಿದದ್ದು ಎರಡು ತಿಂಗಳ ಮೇಲೆ. ಪಾರಿವಾಳಕ್ಕೆ ಕಾಳಿಲ್ಲವೆಂದು ಮರುಗಿದ ಗುಂಪಿನಲ್ಲೇ ಅವರೂ ಸದಸ್ಯರಾಗಿದ್ದರು.

ಭಾಷೆಯ ಗದ್ದಲವೂ ಹಾಗೆಯೇ. ಫೆಬ್ರವರಿಯಲ್ಲಿ ಬೆಳಗಾವಿಯ ಬಸ್ ನಿರ್ವಾಹಕರ ಮೇಲಿನ ಹಲ್ಲೆಯ ನಂತರ ಎರಡು ರಾಜ್ಯಗಳ ಬಸ್ಸುಗಳು ಗಡಿ ದಾಟದೆ ನಿಂತವು. ಊರಿಗೆ ಹೊರಟ ನಮ್ಮವರು ಪರದಾಡಿದರು. ಏಪ್ರಿಲಿನಲ್ಲಿ ಮಹಾರಾಷ್ಟ್ರ ಸರ್ಕಾರ ಒಂದನೆಯ ತರಗತಿಯಿಂದಲೇ ಹಿಂದಿಯನ್ನು ತರಲು ಹೊರಟು ಜೂನ್ 29ರಂದು ಆದೇಶಗಳನ್ನು ಹಿಂತೆಗೆದುಕೊಂಡಿತು. ಈ ಎರಡೂ ಜಗಳಗಳಲ್ಲಿ ನಮ್ಮ ಸ್ಥಾನವೇನು? ನಮ್ಮ ಪೂಜೆ ಹಿಂದಿಯಲ್ಲಿ, ಪ್ರಕಟಣೆ ಮರಾಠಿಯಲ್ಲಿ, ಮನೆಯ ಬೈಗುಳ ಮಾತ್ರ ಕನ್ನಡದಲ್ಲಿ. ಕನ್ನಡದ ಆದಿಕವಿ ಪಂಪನನ್ನೂ ಮುಧೋಳದ ರನ್ನನನ್ನೂ ಕೊಟ್ಟ ಸಮಾಜ ತನ್ನ ಮಕ್ಕಳಿಗೆ ಅವರ ಹೆಸರನ್ನಾದರೂ ಕನ್ನಡ ಲಿಪಿಯಲ್ಲಿ ಓದಲು ಕಲಿಸಿದೆಯೇ? ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರು ಕನ್ನಡ, ತಮಿಳು, ಮರಾಠಿಗಳಲ್ಲಿ ಅಕ್ಕಪಕ್ಕದಲ್ಲಿದೆ. ಆ ಕಲ್ಲನ್ನು ತೋರಿಸಿ ಎರಡೂ ಕಡೆಯವರಿಗೆ ಬುದ್ಧಿ ಹೇಳುವ ಅರ್ಹತೆ ಇದ್ದವರು ಗಡಿಭಾಗದ ಜೈನರು. ಆ ಹೊತ್ತಿಗೆ ನಮಗೆ ಬಸ್ಸು ಯಾವಾಗ ಬಿಡುತ್ತಾರೆ ಎಂಬುದಷ್ಟೇ ಬೇಕಾಗಿತ್ತು.

ಜುಲೈನಿಂದ ಧರ್ಮಸ್ಥಳದ ವಿಷಯದಲ್ಲಿ ಸಮಾಜ ಎರಡಾಯಿತು. ವಿಶೇಷ ತನಿಖಾ ದಳ ರಚನೆಯಾದಾಗ ಕ್ಷೇತ್ರದ ಕಡೆಯಿಂದಲೇ ತನಿಖೆಗೆ ಸ್ವಾಗತ ದೊರೆತಿತ್ತು. ಆಗಸ್ಟಿನಲ್ಲಿ ದೂರುದಾರನೇ ಬಂಧಿತನಾದ. ಇಡೀ ಜೈನ ಸಮಾಜವನ್ನು ಕಟಕಟೆಯಲ್ಲಿ ನಿಲ್ಲಿಸಿದ ಯೂಟ್ಯೂಬು ವೀರರನ್ನು ನಾನು ಒಪ್ಪುವುದಿಲ್ಲ. ಹಾಗೆಂದು 'ಜೈನರೆಲ್ಲ ಒಂದಾಗಿ, ಪ್ರಶ್ನೆ ಕೇಳಬೇಡಿ' ಎಂದವರನ್ನೂ ಒಪ್ಪುವುದಿಲ್ಲ. ಹೆಣ್ಣುಮಕ್ಕಳನ್ನು ಕಳೆದುಕೊಂಡು ಇಂದಿಗೂ ಉತ್ತರ ಸಿಗದ ಮನೆಗಳಿಗೆ ಕಾನೂನು ಉತ್ತರ ಕೊಡಲೆಂದು ಬಯಸುವುದಕ್ಕೆ ಯಾವ ಪಕ್ಷ ಸೇರಬೇಕಾಗಿಲ್ಲ. ಅನೇಕಾಂತದ ಮೇಲೆ ಉಪನ್ಯಾಸ ಏರ್ಪಡಿಸುವವರು ಎರಡು ಮಾತು ಏಕಕಾಲಕ್ಕೆ ನಿಜವಾಗಿರಬಲ್ಲವು ಎಂಬುದನ್ನು ಒಮ್ಮೆಯಾದರೂ ಬಳಸಿ ನೋಡಬಹುದಿತ್ತು.

ಹೆಣ್ಣುಮಕ್ಕಳ ಮಾತು ಬಂದುದರಿಂದ ಒಂದು ಅಂಕಿ. 2011ರ ಜನಗಣತಿಯಂತೆ ಜೈನರಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 889. ಇದು ದೇಶದ ಸರಾಸರಿಗಿಂತ ಕಡಿಮೆ. ಸೂರ್ಯ ಮುಳುಗಿದ ಮೇಲೆ ಉಣ್ಣದ, ನೀರು ಸೋಸಿ ಕುಡಿಯುವ, ಇರುವೆಗೆ ಹಿಟ್ಟು ಹಾಕುವ ಮನೆಗಳ ಅಂಕಿ ಇದು. ಆಗ ಕಾಣೆಯಾದವರು ಇಂದು ಹದಿನೆಂಟು-ಇಪ್ಪತ್ತರ ಹರೆಯದವರಾಗಿ ಕಾಲೇಜಿನಲ್ಲಿರಬೇಕಿತ್ತು. 'ನಮ್ಮ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ' ಎಂದು ವಧೂವರ ಸಮಾವೇಶಗಳಲ್ಲಿ ಗೋಳಾಡುವವರು ಈ ಅಂಕಿಯನ್ನು ವೇದಿಕೆಯ ಹಿಂದೆ ದೊಡ್ಡ ಅಕ್ಷರಗಳಲ್ಲಿ ಬರೆಸಲಿ. ಇದಕ್ಕಾಗಿ ಈ ವರ್ಷ, ಇದರ ಹಿಂದಿನ ವರ್ಷ, ಅದರ ಹಿಂದಿನ ವರ್ಷ ಒಂದು ಮೋರ್ಚಾವೂ ಹೊರಟಿಲ್ಲ.

ಜನಗಣತಿ ಮತ್ತೆ ಬರುತ್ತಿದೆ. ಬರುವ ಏಪ್ರಿಲಿನಿಂದ ಸೆಪ್ಟೆಂಬರಿನೊಳಗೆ ಮನೆಗಳ ಪಟ್ಟಿ, 2027ರ ಫೆಬ್ರವರಿಯಲ್ಲಿ ಜನರ ಎಣಿಕೆ. ಈ ಸಲ ಜಾತಿಯನ್ನೂ ಬರೆದುಕೊಳ್ಳುತ್ತಾರೆ. 1881ರ ಗಣತಿಯಲ್ಲೇ ನಮ್ಮನ್ನು ಜೈನರೆಂದು ಪ್ರತ್ಯೇಕವಾಗಿ ಎಣಿಸಿದ್ದ ವಸಾಹತು ಸರ್ಕಾರದ ಪುಸ್ತಕಕ್ಕೂ 2011ರ ಪುಸ್ತಕಕ್ಕೂ ನಡುವೆ ನಾವು ನಮ್ಮನ್ನು ಏನೆಂದುಕೊಳ್ಳಬೇಕೆಂಬುದನ್ನು ತೀರ್ಮಾನಿಸಿಲ್ಲ. 2011ರಲ್ಲಿ ದೇಶದಲ್ಲಿ ನಾವು 44.5 ಲಕ್ಷ, ಮಹಾರಾಷ್ಟ್ರದಲ್ಲಿ 14 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ. ನಿಜವಾದ ಸಂಖ್ಯೆ ಇದರ ಎರಡರಷ್ಟು, ಮೂರರಷ್ಟು ಎಂದು ಪ್ರತಿ ವೇದಿಕೆಯಲ್ಲಿ ಯಾರಾದರೂ ಹೇಳುತ್ತಾರೆ. ಹಾಗಿದ್ದರೆ ಉಳಿದವರು ಏನೆಂದು ಬರೆಸಿದರು? 2014ರ ಜನವರಿಯಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಬಂದ ಮೇಲೆ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅಲ್ಪಸಂಖ್ಯಾತರಾಗಿ, ಚುನಾವಣೆಯ ಸಭೆಯಲ್ಲಿ ಬಹುಸಂಖ್ಯಾತರಾಗಿ ಬದುಕುವ ಕಲೆಯನ್ನು ರೂಢಿಸಿಕೊಂಡಿದ್ದೇವೆ. ಆ ಕಲೆಗೆ ವಿಲೇ ಪಾರ್ಲೆಯಲ್ಲಿ ರಿಯಾಯಿತಿ ಸಿಗಲಿಲ್ಲ. ಜಾತಿಯ ಕಲಮು ಇನ್ನೂ ಸ್ವಾರಸ್ಯಕರವಾಗಲಿದೆ: 'ನಮ್ಮಲ್ಲಿ ಜಾತಿಯಿಲ್ಲ' ಎಂದು ಭಾಷಣ ಮಾಡುವವರು ಅಲ್ಲಿ ಚತುರ್ಥ, ಪಂಚಮ, ಬೋಗಾರ, ಸೇತವಾಳ ಎಂದು ಹುಡುಕಿ ಬರೆಸುವರು, ಮದುವೆಯ ಜಾಹೀರಾತಿನಲ್ಲಿ ಈಗಾಗಲೇ ಬರೆಸುತ್ತಿರುವಂತೆ.

ಫೆಬ್ರವರಿಯ ಮೊದಲ ಭಾನುವಾರ ನಮ್ಮ ಇಲ್ಲಿನ ಕನ್ನಡ ಜೈನ ಕುಟುಂಬಗಳ ವಾರ್ಷಿಕ ಸಭೆಯಿದೆ. ಮೂರು ಗೊತ್ತುವಳಿಗಳನ್ನು ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಜನಗಣತಿಯಲ್ಲಿ ಧರ್ಮ ಜೈನ, ಮಾತೃಭಾಷೆ ಕನ್ನಡ ಎಂದು ತಪ್ಪದೆ ಬರೆಸುವುದು. ಪುಣೆ ಜಿಲ್ಲೆಯಲ್ಲಿ ನೋಂದಣಿಯಾದ ಜೈನ ಟ್ರಸ್ಟುಗಳ ಆಸ್ತಿಪಟ್ಟಿ ಮತ್ತು ಲೆಕ್ಕಪತ್ರಗಳ ಪ್ರತಿಗಳನ್ನು ಧರ್ಮಾದಾಯ ಆಯುಕ್ತರ ಕಚೇರಿಯಿಂದ ತರಿಸಿ ಓದಲು ಐದು ಜನರ ಸಮಿತಿ, ಅದರಲ್ಲಿ ಇಬ್ಬರು ಮಹಿಳೆಯರು. ಈ ವರ್ಷದ ಸವಾಲಿನ ಹಣದ ಅರ್ಧವನ್ನು ಕೆಲಸ ಕಳೆದುಕೊಂಡ ಮನೆಗಳ ಮಕ್ಕಳ ಶಾಲಾ ಶುಲ್ಕಕ್ಕೆ, ಹೆಸರು ಹೇಳದೆ, ಕೊಡುವುದು. ಮೂರನೆಯದಕ್ಕೆ ಈಗಾಗಲೇ ವಿರೋಧ ಬಂದಿದೆ; ದೇವದ್ರವ್ಯವನ್ನು ಹಾಗೆ ಬಳಸುವಂತಿಲ್ಲ ಎನ್ನುತ್ತಾರೆ. ಚರ್ಚೆಯಾಗಲಿ. ಸೂಚಕರ ಜಾಗದಲ್ಲಿ ನನ್ನ ಹೆಸರಿದೆ. ಅನುಮೋದಕರ ಜಾಗ ಇನ್ನೂ ಖಾಲಿಯಿದೆ.